ಮಕ್ಕಳಿಗೆ ಹೇಳುವ ಅಳತೆ

ಎಳೆಯರಿಗೆ ಪಾಠ ಹೇಳುವವನು ದಿನಕ್ಕೆ ಹತ್ತು ಬಾರಿಯಾದರೂ ಪೂರ್ಣಸತ್ಯವಲ್ಲದ ಮಾತನ್ನು ಆಡಬೇಕಾಗುತ್ತದೆ. ಭೂಮಿಯು ಕಿತ್ತಳೆಹಣ್ಣಿನಂತೆ ಗುಂಡಾಗಿದೆ ಎನ್ನುತ್ತಾನೆ. ಕಿತ್ತಳೆಗಿರುವ ಸಿಪ್ಪೆಯೂ ತೊಳೆಯೂ ಭೂಮಿಗಿಲ್ಲವೆಂಬುದು ಅವನಿಗೆ ಗೊತ್ತು. ಸೂರ್ಯನು ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆ ಎನ್ನುತ್ತಾನೆ. ಹುಟ್ಟುವುದೂ ಮುಳುಗುವುದೂ ನಮ್ಮ ನೋಟಕ್ಕಲ್ಲದೆ ಸೂರ್ಯನಿಗಿಲ್ಲವೆಂಬುದೂ ಅವನಿಗೆ ಗೊತ್ತು. ಹೀಗೆ ಬಲ್ಲವನು ತಿಳಿದೇ ಆಡುವ ಅರೆಮಾತು ಅನೃತವೆನಿಸುವುದೇ? ಅನೃತವಲ್ಲವೆಂದರೆ, ಅದು ಅನೃತದ ಕಡೆಗೆ ಜಾರದಂತೆ ತಡೆಯುವ ಕಟ್ಟು ಯಾವುದು? ಮೂವತ್ತೈದು ವರ್ಷ ಉಪಾಧ್ಯಾಯವೃತ್ತಿಯಲ್ಲಿದ್ದಾಗ ಈ ಪ್ರಶ್ನೆ ನನ್ನನ್ನು ಒಂದು ದಿನವೂ ಬಾಧಿಸಲಿಲ್ಲ. ವಿಶ್ರಾಂತನಾಗಿ ಊರಿನಲ್ಲಿ ಕುಳಿತ ಮೇಲೆ, ಹತ್ತು ವರ್ಷದ ಮೊಮ್ಮಗಳೊಬ್ಬಳು ಒಂದು ತೆಂಗಿನ ಚಿಪ್ಪನ್ನೂ ಒಂದು ಮೊರ ಬಟಾಣಿಯನ್ನೂ ಮುಂದಿಟ್ಟುಕೊಂಡು ಇದನ್ನು ಎಬ್ಬಿಸಿದಳು. ಅಂದಿನಿಂದ ನನ್ನಲ್ಲಿ ನಡೆದ ಆಲೋಚನೆಯನ್ನು ವಾಚಕರ ಮುಂದೆ ಇಡಲು ಬಯಸುತ್ತೇನೆ. ಏಕೆಂದರೆ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರಾದವರು ಉಪಾಧ್ಯಾಯರೇ ಆಗಿರುತ್ತಾರಷ್ಟೆ.

ನಮ್ಮ ಬೂದಿಕೋಟೆಯು ಬಂಗಾರಪೇಟೆ ತಾಲ್ಲೂಕಿನ ಹಳೆಯ ಊರು. ಹೈದರಾಲಿಯು ಹುಟ್ಟಿದ ಸ್ಥಳವೆಂದು ಚರಿತ್ರೆಯಲ್ಲಿ ಇದಕ್ಕೆ ಹೆಸರು. ಬಂಡೆಗುಡ್ಡ, ಹಳೆಯ ಕೋಟೆಯ ಅವಶೇಷಗಳು, ಮಾರ್ಕಂಡೇಯ ಜಲಾಶಯದ ನೀರು, ಇವು ನಮ್ಮ ಸಂಪತ್ತು. ಇವುಗಳ ಜೊತೆಗೆ ಪಟ್ಟಣದವರಿಗೆ ದುರ್ಲಭವಾಗುತ್ತಿರುವ ಇನ್ನೊಂದು ವಸ್ತು ನಮ್ಮಲ್ಲಿ ಇನ್ನೂ ಅಷ್ಟಿಷ್ಟು ಉಳಿದಿದೆ, ಅದು ಕತ್ತಲೆ. ಬೇಸಗೆಯ ರಜಕ್ಕೆ ಬರುವ ಮೊಮ್ಮಕ್ಕಳೂ ನೆರೆಮನೆಯ ಹುಡುಗರೂ ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗುವರು. ಹೋದ ಬೇಸಗೆಯಲ್ಲಿ ಹೀಗೆಯೇ ಒಂದು ರಾತ್ರಿ ಪಡುವಣದಲ್ಲಿ ಗುರುಗ್ರಹವು ಬೆಳಗುತ್ತಿರಲಾಗಿ, ಒಬ್ಬ ಹುಡುಗನು, “ತಾತ, ಗುರುವಿಗಿಂತಲೂ ದೊಡ್ಡ ಗ್ರಹಗಳು ಇವೆಯಂತೆ. ಎಷ್ಟು ದೊಡ್ಡವು?” ಎಂದು ಕೇಳಿದನು.

ಇವೆ ಎಂದೆನು. ನಮ್ಮ ಸೂರ್ಯನಿಗೆ ಪರಿವಾರವಾಗಿ ಗ್ರಹಗಳಿರುವಂತೆ ದೂರದ ನಕ್ಷತ್ರಗಳಿಗೂ ಇವೆ. ೧೯೯೫ರಲ್ಲಿ ಮಿಷೆಲ್ ಮೇಯರ್, ಡಿಡಿಯೆ ಕೆಲೋ ಎಂಬ ಸ್ವಿಸ್ ವಿದ್ವಾಂಸರಿಬ್ಬರು ಸೂರ್ಯನನ್ನು ಹೋಲುವ ನಕ್ಷತ್ರವೊಂದರ ಸುತ್ತ ಅಂತಹ ದೈತ್ಯಗ್ರಹವನ್ನು ಮೊದಲು ಗುರುತಿಸಿದರು. ಅದಕ್ಕಾಗಿ ೨೦೧೯ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲನ್ನೂ ಪಡೆದರು. ಆ ಬಳಿಕ ಕಂಡವು ಸಾವಿರಾರು. ಆದರೆ ಅವುಗಳ ಗಾತ್ರವನ್ನು ತಿಳಿಯಬೇಕಾದರೆ ಮೊದಲು ಗುರುವಿನ ಗಾತ್ರ ತಿಳಿದಿರಬೇಕು ಎಂದು ಹೇಳಿ, ಮರುದಿನ ಬೆಳಗ್ಗೆ ಪಾಠವನ್ನು ಹೂಡಿದೆನು. ಒಂದು ಒಣ ಬಟಾಣಿಯನ್ನು ಭೂಮಿಯೆಂದು ಇಟ್ಟುಕೊಂಡರೆ, ಅಂತಹ ಹನ್ನೊಂದು ಬಟಾಣಿಗಳನ್ನು ಸಾಲಾಗಿ ಜೋಡಿಸಿದಷ್ಟು ಗುರುವಿನ ವ್ಯಾಸ. ಕೊಬ್ಬರಿ ತೆಗೆದ ತೆಂಗಿನ ಚಿಪ್ಪೊಂದರ ಬಾಯಿಗೆ ಸರಿಯಾಗಿ ಹನ್ನೊಂದು ಬಟಾಣಿ ಹಿಡಿದವು. “ಇದೇ ಗುರು. ಇದರ ಎರಡು ಹೋಳುಗಳೊಳಗೆ ಸಾವಿರದ ಮುನ್ನೂರು ಭೂಮಿಗಳು ಹಿಡಿಯುತ್ತವೆ” ಎಂದು ಹೇಳಿ, ಪಾಠ ಮುಗಿಯಿತೆಂದು ಎದ್ದುಹೋದೆನು. ಪುಸ್ತಕಗಳೆಲ್ಲವೂ ಹೇಳುವ ಮಾತೇ ಅದು.

ಮಧ್ಯಾಹ್ನ ಮೊಮ್ಮಗಳು ಬಂದು ನಿಂತಳು. ಎರಡು ಹೋಳುಗಳಿಗೂ ಮಟ್ಟಸವಾಗಿ ಬಟಾಣಿ ತುಂಬಿ, ನೆಲದ ಮೇಲೆ ಸುರಿದು, ಹತ್ತು ಹತ್ತರ ಗುಂಪು ಮಾಡಿ ಎಣಿಸಿದ್ದಳು. “ತಾತ, ಸಾವಿರದ ಮುನ್ನೂರು ಅಂದಿರಿ. ಏಳುನೂರ ಎಪ್ಪತ್ತೆರಡೇ ಹಿಡಿದದ್ದು. ಮಿಕ್ಕ ಭೂಮಿಗಳು ಎಲ್ಲಿ?” ಎಂದಳು.

ಲೆಕ್ಕ ತಪ್ಪಿರಬೇಕು ಎಂದೆನು. ಎರಡು ಸಲ ಎಣಿಸಿದ್ದೇನೆ ಎಂದಳು. ಆಗ ನನಗೆ ಹೊಳೆಯಿತು. ಹನ್ನೊಂದನ್ನು ಹನ್ನೊಂದರಿಂದಲೂ ಮತ್ತೆ ಹನ್ನೊಂದರಿಂದಲೂ ಗುಣಿಸಿದರೆ ಸಾವಿರದ ಮುನ್ನೂರು ಚಿಲ್ಲರೆ ಬರುವುದು ನಿಜ. ಆದರೆ ಅದು ಘನಪರಿಮಾಣದ ಲೆಕ್ಕ. ಗುಂಡುಗಳನ್ನು ತುಂಬಿದಾಗ ನಡುನಡುವೆ ಸಂದು ಉಳಿಯುತ್ತದೆ. ಪಾತ್ರೆಯ ನೂರು ಪಾಲಿನಲ್ಲಿ ಅರುವತ್ತರಷ್ಟನ್ನು ಮಾತ್ರ ಕಾಳು ತುಂಬುತ್ತದೆ, ಉಳಿದುದನ್ನು ಗಾಳಿ ತುಂಬುತ್ತದೆ. ಭೂಮಿಗಳು ಬೆಲ್ಲದ ಉಂಡೆಗಳಾಗಿದ್ದು, ಅವನ್ನು ಕರಗಿಸಿ ಪಾಕವಾಗಿ ಹೊಯ್ದರೆ ಸಾವಿರದ ಮುನ್ನೂರೂ ಹಿಡಿದಾವು. ಗುಂಡಾಗಿಯೇ ಇಟ್ಟರೆ ಹಿಡಿಯವು. ಇದನ್ನು ಅವಳಿಗೆ ವಿವರಿಸಿದೆನು. ಅವಳು ಸಮಾಧಾನದಿಂದ ಕೇಳಿ, “ಹಾಗಾದರೆ ಮೊದಲೇ ಏಕೆ ಹೇಳಲಿಲ್ಲ?” ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೇಳಲಿಲ್ಲವೇಕೆಂದರೆ ನನಗೇ ತೋರಿರಲಿಲ್ಲ. ಮೂವತ್ತೈದು ವರ್ಷ ನೂರಾರು ಮಕ್ಕಳಿಗೆ ಸಾವಿರದ ಮುನ್ನೂರು ಹಿಡಿಯುತ್ತವೆ ಎಂದು ಹೇಳಿದೆನು. ಒಂದು ದಿನವಾದರೂ ತುಂಬಿ ನೋಡಲಿಲ್ಲ. ತುಂಬಿ ನೋಡಿದವಳು ಮೊಮ್ಮಗಳು.

ಈಗ ಪ್ರಕೃತಕ್ಕೆ ಬರೋಣ. ಅರೆಸತ್ಯದ ಮೂಲಕ ಪೂರ್ಣಸತ್ಯಕ್ಕೆ ಕರೆದೊಯ್ಯುವುದನ್ನು ನಮ್ಮ ಹಿರಿಯರು ನಿಷೇಧಿಸಿಲ್ಲ. ಪಾಠಶಾಲೆಯಲ್ಲಿ ಓದಿದವರೆಲ್ಲರಿಗೂ ಸ್ಥೂಲಾರುಂಧತೀನ್ಯಾಯವು ತಿಳಿದ ವಿಷಯ. ಅರುಂಧತಿಯು ಸೂಕ್ಷ್ಮವಾದ ಚುಕ್ಕೆ. ನೇರವಾಗಿ ತೋರಿಸಿದರೆ ಕಾಣಿಸದು. ಆದಕಾರಣ ತೋರಿಸುವವನು ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವೊಂದನ್ನು ತೋರಿಸಿ “ಇದೇ ಅರುಂಧತಿ” ಎನ್ನುತ್ತಾನೆ. ನೋಡುವವನ ದೃಷ್ಟಿ ಅಲ್ಲಿ ನೆಲೆಸಿದ ಮೇಲೆ, “ಅದಲ್ಲ, ಅದರ ಪಕ್ಕದಲ್ಲಿರುವುದು” ಎಂದು ನಿಜವಾದ ಅರುಂಧತಿಗೆ ಒಯ್ಯುತ್ತಾನೆ. ವಸಿಷ್ಠ ನಕ್ಷತ್ರದ ಮಗ್ಗುಲಿನಲ್ಲಿ ಅದು ಕಾಣಿಸುತ್ತದೆ. (ನಮ್ಮ ಮದುವೆಗಳಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನದಲ್ಲಿ ಅರುಂಧತಿಯನ್ನು ತೋರಿಸುವುದೂ, ವಧೂವರರು ಕಂಡೆವೆಂದು ತಲೆದೂಗುವುದೂ ಉಂಟು, ಅದು ಬೇರೆಯ ನ್ಯಾಯ.)

ಈ ನ್ಯಾಯವನ್ನು ಉದಾಹರಿಸುವವರು ಬಹುಮಂದಿ ಮೊದಲಿನ ಭಾಗವನ್ನೇ ಹಿಡಿಯುತ್ತಾರೆ: ಬೋಧನೆಗಾಗಿ ಸ್ವಲ್ಪ ಸುಳ್ಳು ಹೇಳಬಹುದು ಎಂದು. ಆದರೆ ನ್ಯಾಯದ ಪ್ರಾಣವು ಎರಡನೆಯ ಭಾಗದಲ್ಲಿದೆ. “ಇದೇ ಅರುಂಧತಿ” ಎಂದವನು ಅಲ್ಲಿಂದ ಎದ್ದುಹೋಗುವಂತಿಲ್ಲ. “ಅದಲ್ಲ” ಎಂದು ಹೇಳುವವರೆಗೂ ಅವನು ಪಕ್ಕದಲ್ಲಿ ನಿಂತಿರಬೇಕು. ಎದ್ದುಹೋದನೋ, ಅವನು ಆಡಿದುದು ಅನೃತವೇ ಸರಿ. ಕೇಳಿದವನು ಆಯುಷ್ಯವಿಡೀ ಮತ್ತೊಂದು ನಕ್ಷತ್ರವನ್ನು ಅರುಂಧತಿಯೆಂದು ನಂಬಿರುತ್ತಾನೆ. ಮಕ್ಕಳಿಗೆ ಕೊಡುವ ಹೋಲಿಕೆಯು ಸಾಲದ ಪತ್ರವಿದ್ದಂತೆ. ಬರೆದುಕೊಟ್ಟದ್ದು ದೋಷವಲ್ಲ, ತೀರಿಸದಿರುವುದು ದೋಷ.

ಇಲ್ಲಿ ಒಂದು ಪೂರ್ವಪಕ್ಷ ಹುಟ್ಟುತ್ತದೆ. ನೈಯಾಯಿಕರು ಉಪಮಾನವನ್ನು ಪ್ರಮಾಣವೆಂದೇ ಒಪ್ಪಿರುವರಲ್ಲ, ಆದಮೇಲೆ ಹೋಲಿಕೆಗೆ ತಿದ್ದುಪಡಿ ಏಕೆ? ಅವರು ಕೊಡುವ ದೃಷ್ಟಾಂತವನ್ನೇ ನೋಡೋಣ. ಗವಯವೆಂಬ ಕಾಡುಮೃಗವನ್ನು ಕಾಣದ ಊರಿನವನಿಗೆ ಕಾಡಿನವನು “ಅದು ಹಸುವಿನಂತೆ ಇರುತ್ತದೆ” ಎಂದು ಹೇಳುತ್ತಾನೆ. ಊರಿನವನು ಕಾಡಿಗೆ ಹೋಗಿ, ಹಸುವನ್ನು ಹೋಲುವ ಮೃಗವನ್ನು ಕಣ್ಣಾರೆ ಕಂಡು, ಕೇಳಿದ ಮಾತನ್ನು ನೆನೆದು, “ಇದೇ ಗವಯ” ಎಂದು ನಿಶ್ಚಯಿಸುತ್ತಾನೆ. ಇಲ್ಲಿ ಜ್ಞಾನವು ಪೂರ್ತಿಯಾಗುವುದು ಕೊನೆಗೆ ಮೃಗವು ಕಣ್ಣಿಗೆ ಬಿದ್ದಾಗ. ಹಸುವಿನ ಹೋಲಿಕೆಯಲ್ಲಿ ಏನಾದರೂ ಕೊರತೆಯಿದ್ದರೆ ಮೃಗವೇ ಅದನ್ನು ತಿದ್ದುತ್ತದೆ. ಆದರೆ ನೂರಾರು ಜ್ಯೋತಿರ್ವರ್ಷಗಳಾಚೆಯ ಗ್ರಹದ ಬಳಿಗೆ ನಮ್ಮ ಮಕ್ಕಳು ಹೋಗುವಂತಿಲ್ಲ. ಅಲ್ಲಿ ತಿದ್ದುವ ಮೃಗವಿಲ್ಲ. ತೆಂಗಿನ ಚಿಪ್ಪೆಂದರೆ ತೆಂಗಿನ ಚಿಪ್ಪೇ ಮನಸ್ಸಿನಲ್ಲಿ ಉಳಿಯುತ್ತದೆ. ಆದುದರಿಂದ ಕಣ್ಣಿಗೆ ಕಾಣುವ ವಸ್ತುವಿನ ವಿಷಯದಲ್ಲಿ ಇರುವುದಕ್ಕಿಂತಲೂ ಕಾಣದ ವಸ್ತುವಿನ ವಿಷಯದಲ್ಲಿ ಹೇಳುವವನ ಹೊಣೆ ಹೆಚ್ಚು.

ಇನ್ನು “ದೊಡ್ಡದು” ಎಂಬ ಮಾತನ್ನೇ ಪರೀಕ್ಷಿಸಬೇಕಾಗಿದೆ. ವೈಶೇಷಿಕರು ಇಪ್ಪತ್ತನಾಲ್ಕು ಗುಣಗಳನ್ನು ಎಣಿಸುವಾಗ ಪರಿಮಾಣವನ್ನು ಒಂದು ಗುಣವೆಂದೂ ಗುರುತ್ವವನ್ನು ಮತ್ತೊಂದು ಗುಣವೆಂದೂ ಬೇರೆಬೇರೆಯಾಗಿ ಹೇಳಿರುತ್ತಾರೆ. ಬಾಲಕನಾಗಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದಾಗ ಇದರ ಬೆಲೆ ನನಗೆ ತಿಳಿಯಲಿಲ್ಲ. ದೈತ್ಯಗ್ರಹಗಳ ವಿಷಯವನ್ನು ಓದಿದ ಮೇಲೆ ತಿಳಿಯಿತು. ರಾಜಸ್ಥಾನದ ಅಬು ಪರ್ವತದಲ್ಲಿ, ಗುರುಶಿಖರವೆಂಬ ನೆತ್ತಿಯ ಮೇಲೆ, ಅಹಮದಾಬಾದಿನ ಭೌತ ಸಂಶೋಧನಾಲಯದವರ ವೀಕ್ಷಣಾಲಯವಿದೆ. ಅಲ್ಲಿನ ವಿದ್ವಾಂಸರು ೨೦೨೧ರಲ್ಲಿ ಟಿ.ಓ.ಐ. ೧೭೮೯ ಬಿ ಎಂಬ ಗ್ರಹವನ್ನೂ ೨೦೨೩ರಲ್ಲಿ ಟಿ.ಓ.ಐ. ೪೬೦೩ ಬಿ ಎಂಬ ಗ್ರಹವನ್ನೂ ಪ್ರಕಟಪಡಿಸಿದರು. ಮೊದಲನೆಯದರ ವ್ಯಾಸವು ಗುರುವಿನ ವ್ಯಾಸಕ್ಕೆ ಸುಮಾರು ೧.೪ ಮಡಿ, ಆದರೆ ಅದರಲ್ಲಿರುವ ದ್ರವ್ಯ ಗುರುವಿನದರಲ್ಲಿ ಹತ್ತಕ್ಕೆ ಏಳು ಪಾಲು ಮಾತ್ರ. ಎರಡನೆಯದರಲ್ಲಿ ಗುರುವಿಗೆ ಹದಿಮೂರು ಮಡಿಯಷ್ಟು ದ್ರವ್ಯವಿದೆ. ಆದರೂ ಅದರ ವ್ಯಾಸವು ಗುರುವಿನ ವ್ಯಾಸಕ್ಕೆ ಹೆಚ್ಚುಕಡಮೆ ಸಮ. ಇವೆರಡರಲ್ಲಿ ಯಾವುದು ದೊಡ್ಡದು? ಪರಿಮಾಣವನ್ನು ಕೇಳಿದರೆ ಮೊದಲನೆಯದು. ಗುರುತ್ವವನ್ನು ಕೇಳಿದರೆ ಎರಡನೆಯದು. ಗುರುವಿಗೆ ಗುರುವೆಂದು ಹೆಸರಿಟ್ಟ ನಾವೇ ಈ ಭೇದವನ್ನು ಮರೆತು, ಮಕ್ಕಳಿಗೆ ಸುಮ್ಮನೆ “ದೊಡ್ಡದು” ಎನ್ನುತ್ತೇವೆ.

ಮಕ್ಕಳಿಗೆ ಇದನ್ನು ಹೇಗೆ ಹೇಳಬೇಕು? ಅಕ್ಕಿಯು ಕಾದ ಮರಳಿನಲ್ಲಿ ಪುರಿಯಾಗುವುದನ್ನು ಅವರು ಕಂಡಿರುತ್ತಾರೆ. ಪುರಿಯು ಅಕ್ಕಿಗಿಂತ ದೊಡ್ಡದು, ತೂಕದಲ್ಲಿ ಹೆಚ್ಚಲ್ಲ. ಮೊದಲನೆಯ ಗ್ರಹವು ತನ್ನ ನಕ್ಷತ್ರಕ್ಕೆ ಅತಿಸಮೀಪದಲ್ಲಿದ್ದು, ಮೂರು ದಿನ ಚಿಲ್ಲರೆ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ಆ ತಾಪದಿಂದ ಅದರ ಅನಿಲವು ಉಬ್ಬಿದೆ. ಎರಡನೆಯದು ಹತ್ತಿಯ ಅಂಡಿಗೆಯಂತೆ. ಹತ್ತಿಯನ್ನು ಮೇಲೆ ಮೇಲೆ ತುಂಬಿ ಅದುಮಿದರೆ ಅಂಡಿಗೆಯ ಭಾರ ಹೆಚ್ಚುತ್ತದೆ, ಗಾತ್ರ ಹೆಚ್ಚುವುದಿಲ್ಲ. ಅನಿಲಮಯವಾದ ಗ್ರಹಕ್ಕೆ ದ್ರವ್ಯವು ಸೇರಿದಷ್ಟೂ ಅದರ ಆಕರ್ಷಣೆಯೇ ಅದನ್ನು ಒಳಕ್ಕೆ ಅದುಮುತ್ತದೆ. ಆದಕಾರಣವೇ ದೈತ್ಯಗ್ರಹಗಳಲ್ಲಿ ಭಾರದ ಭೇದ ಅಪಾರವಾಗಿದ್ದರೂ ವ್ಯಾಸದಲ್ಲಿ ಗುರುವಿನ ಎರಡು ಮಡಿಯನ್ನು ಮೀರಿದವು ವಿರಳ. ಇಷ್ಟು ಹೇಳಿ, ಕೂಡಲೇ ಹೋಲಿಕೆಯನ್ನು ಹಿಂದಕ್ಕೂ ತೆಗೆದುಕೊಳ್ಳಬೇಕು: ಪುರಿಯು ಆರಿದ ಮೇಲೂ ಉಬ್ಬಿಯೇ ಇರುತ್ತದೆ, ಗ್ರಹವು ತಣಿದರೆ ಕುಗ್ಗುತ್ತದೆ, ಹತ್ತಿಯನ್ನು ಅದುಮುವವನು ಹೊರಗಿನವನು, ಗ್ರಹವು ತನ್ನನ್ನು ತಾನೇ ಅದುಮಿಕೊಳ್ಳುತ್ತದೆ. ಹೋಲಿಕೆಯು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳಿದರೆ ಮಗುವಿಗೆ ನಿರಾಶೆಯಾಗುವುದಿಲ್ಲ. ಆ ಜಾಗದಲ್ಲಿಯೇ ಅದರ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಇದು ನಾನು ಹೊಸದಾಗಿ ಕಲಿತ ಪಾಠ.

ಹೇಳಬೇಕಾದುದು ಇನ್ನೂ ಒಂದಿದೆ. ಅಳತೆಯನ್ನು ಹೇಳುವವನು ಅಳತೆ ತಿಳಿದ ಬಗೆಯನ್ನೂ ಹೇಳಬೇಕು. ಈ ಗ್ರಹಗಳ ಪೈಕಿ ಬಹುಪಾಲಿನ ರೂಪವನ್ನು ಯಾರೂ ಕಂಡವರಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಇಲ್ಲಿ ಎಲ್ಲವೂ ಅನುಮಾನಪ್ರಮಾಣ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕು ಕಿಂಚಿತ್ತು ಕುಂದುತ್ತದೆ. ಸೂರ್ಯನಂತಹ ನಕ್ಷತ್ರದ ಮುಂದೆ ಗುರುವಿನಷ್ಟು ಗ್ರಹ ಹಾದರೆ ನೂರರಲ್ಲಿ ಒಂದು ಪಾಲಿನಷ್ಟು. ದೀಪದ ಮುಂದೆ ಹುಳ ಹಾರಿದಾಗ ಗೋಡೆಯ ಮೇಲಿನ ಬೆಳಕು ಕುಂದುವಂತೆ ಎನ್ನಬಹುದು. ಕುಂದು ಎಷ್ಟೆಂಬುದರಿಂದ ಪರಿಮಾಣವನ್ನು ಎಣಿಸುತ್ತಾರೆ. ೧೯೯೯ರಲ್ಲಿ ಇದು ಮೊದಲ ಬಾರಿಗೆ ಸಾಧ್ಯವಾಯಿತು. ಗುರುತ್ವವನ್ನು ತಿಳಿಯುವ ದಾರಿ ಬೇರೆ. ಹಗ್ಗದ ತುದಿಗೆ ಕಲ್ಲು ಕಟ್ಟಿ ಸುತ್ತಲೂ ಬೀಸುವವನ ಮೈಯೂ ಸ್ವಲ್ಪ ತೂಗಾಡುತ್ತದೆಯಲ್ಲವೇ? ಹಾಗೆಯೇ ಗ್ರಹವು ಸುತ್ತುವಾಗ ನಕ್ಷತ್ರವೂ ತೂಗಾಡುತ್ತದೆ. ಆ ತೂಗಾಟದಿಂದ ಗ್ರಹದ ದ್ರವ್ಯವನ್ನು ಎಣಿಸುತ್ತಾರೆ. ಅಬು ಪರ್ವತದವರು ಮಾಡಿದುದು ಈ ಎರಡನೆಯ ಕೆಲಸ. ನೆರಳನ್ನು ಆಕಾಶದಲ್ಲಿ ತಿರುಗುವ ದೂರದರ್ಶಕವೊಂದು ಮೊದಲೇ ಗುರುತಿಸಿಕೊಟ್ಟಿತ್ತು.

ಈ ಪ್ರಸಂಗದಲ್ಲಿ ನಮ್ಮ ದೇಶದವರೇ ಹೆಸರಿಟ್ಟ ಗ್ರಹವೊಂದರ ಮಾತನ್ನು ಹೇಳಬೇಕು. ೨೦೧೯ರಲ್ಲಿ ಅಂತರರಾಷ್ಟ್ರೀಯ ಖಗೋಳಶಾಸ್ತ್ರ ಸಂಘವು ತನ್ನ ನೂರನೆಯ ವರ್ಷದ ಉತ್ಸವಕ್ಕಾಗಿ ಒಂದೊಂದು ದೇಶಕ್ಕೂ ಒಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ಹೆಸರಿಡಲು ಒಪ್ಪಿಸಿತು. ನಮಗೆ ಬಂದ ನಕ್ಷತ್ರಕ್ಕೆ “ಬಿಭಾ” ಎಂದೂ ಗ್ರಹಕ್ಕೆ “ಸಂತಮಸ” ಎಂದೂ ಹೆಸರಾಯಿತು. ಗ್ರಹದ ಹೆಸರನ್ನು ಸೂಚಿಸಿದವನು ಪುಣೆಯ ಹದಿಮೂರು ವರ್ಷದ ವಿದ್ಯಾರ್ಥಿ. ಅಮರಕೋಶವನ್ನು ಓದಿದವರಿಗೆ ಈ ಪದ ಹೊಸದಲ್ಲ: ದಟ್ಟವಾದ ಕತ್ತಲೆ ಅಂಧತಮಸ, ಕ್ಷೀಣವಾದದ್ದು ಅವತಮಸ, ಎಲ್ಲೆಡೆಯೂ ಹಬ್ಬಿದ್ದು ಸಂತಮಸ. ಮೇಘಗಳಿಂದ ಮುಸುಕಿರಬಹುದೆಂಬ ಭಾವದಿಂದ ಈ ಹೆಸರನ್ನು ಆರಿಸಿದರು. ಮಘಾನಕ್ಷತ್ರದ ದಕ್ಷಿಣಕ್ಕಿರುವ ಆ ನಕ್ಷತ್ರವು ಬರಿಗಣ್ಣಿಗೆ ಕಾಣಿಸದು. ಅದರಿಂದ ಹೈದರಾಲಿಯು ನಮ್ಮೂರಿನಲ್ಲಿ ಹುಟ್ಟುವುದಕ್ಕೂ ಮೊದಲು ಹೊರಟ ಬೆಳಕು ಈಗ ನಮ್ಮನ್ನು ಮುಟ್ಟುತ್ತಿದೆ. ಸಂತಮಸವು ಎರಡು ದಿನ ಮೂರು ಗಂಟೆ ಚಿಲ್ಲರೆಯಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ. ಅದರ ದ್ರವ್ಯವು ಗುರುವಿಗೆ ಒಂದೂವರೆ ಮಡಿಗೆ ಕಡಿಮೆಯಿಲ್ಲ. ಅದರ ವ್ಯಾಸವೆಷ್ಟು? ಅದನ್ನು ಯಾರೂ ಅಳೆದಿಲ್ಲ. ತೂಗಾಟದಿಂದಲೇ ಅದು ಗೊತ್ತಾದದ್ದು. ನಕ್ಷತ್ರದ ಮುಂದೆ ಹಾಯುವುದು ನಮಗೆ ಕಾಣದ ಕಾರಣ ನೆರಳಿನ ಲೆಕ್ಕ ದೊರೆಯದು. ಅದರ ಗಾತ್ರವೆಂದು ಎಲ್ಲಿಯಾದರೂ ಅಂಕಿ ಕಂಡುಬಂದರೆ ಅದು ಇಂಥದೇ ಇತರ ಗ್ರಹಗಳನ್ನು ನೋಡಿ ಮಾಡಿದ ಅಂದಾಜು. ನಾವೇ ಹೆಸರಿಟ್ಟ ಗ್ರಹದ ಗಾತ್ರವು ನಮಗೆ ತಿಳಿಯದು ಎಂಬುದನ್ನು ಮಕ್ಕಳಿಗೆ ಹೇಳಲು ನಾಚಬೇಕಾದುದಿಲ್ಲ. ಅಂದಾಜನ್ನು ಅಳತೆಯೆಂದು ಹೇಳಿದರೆ ನಾಚಬೇಕು.

ಇಷ್ಟರವರೆಗೆ ಶಾಸ್ತ್ರದ ಮಾತಾಯಿತು. ಇನ್ನು ನನ್ನ ಅಪರಾಧದ ಮಾತು.

ಬಿಭಾ ಎಂಬ ಹೆಸರು ವಂಗದೇಶದ ಭೌತವಿಜ್ಞಾನಿ ಬಿಭಾ ಚೌಧುರಿಯವರನ್ನು ಸ್ಮರಿಸಿ ಇಟ್ಟುದು. ಪರ್ವತದ ಎತ್ತರದಲ್ಲಿ ವಿಶ್ವಕಿರಣಗಳನ್ನು ಪರಿಶೋಧಿಸಿದ ಆ ಮಹನೀಯೆ, ಮುಂದೆ ನಮ್ಮ ನೆರೆಯ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಲ್ಲಿಯೂ ಭಾಗಿಯಾಗಿದ್ದರು. ಅಷ್ಟು ದೂರದ ನಕ್ಷತ್ರದ ಹೆಸರಿನಲ್ಲಿ ನಮ್ಮ ಗಣಿಯ ನೆನಪು ಅಡಗಿದೆ ಎಂದು ತಿಳಿದಾಗ ಸಂತೋಷವಾಯಿತು. ಅದರ ಹಿಂದೆಯೇ ನಾನು ಮುಚ್ಚಿಟ್ಟಿದ್ದ ಒಂದು ನೆನಪೂ ಎದ್ದು ಬಂದಿತು.

೧೯೮೦ರ ದಶಕದ ಕೊನೆಯಲ್ಲಿ ನಾನು ಗಣಿಯ ಆಸುಪಾಸಿನ ಶಾಲೆಯೊಂದರಲ್ಲಿದ್ದೆನು. ಮನೆಯಲ್ಲಿ ತಮಿಳನ್ನೂ ಶಾಲ‌ೆಯಲ್ಲಿ ಕನ್ನಡವನ್ನೂ ಆಡುವ ಮಕ್ಕಳೇ ಬಹಳ. ಒಂದು ದಿನ ಭೂಮಿಯ ಗಾತ್ರದ ಪಾಠ ನಡೆಯುತ್ತಿತ್ತು. ಮೇಜಿನ ಮೇಲೆ ಒಂದು ಅಡಿ ವ್ಯಾಸದ ಭೂಗೋಳವಿತ್ತು. ಗಣಿಯಲ್ಲಿ ಇಳಿಯುವವನ ಮಗನೊಬ್ಬನು ಎದ್ದು, “ಸಾರ್, ನಮ್ಮಪ್ಪ ಇಳಿಯುವ ಗಣಿ ಈ ಗೋಳದಲ್ಲಿ ಎಷ್ಟು ಆಳ ಬರುತ್ತೆ?” ಎಂದು ಕೇಳಿದನು. ಚಾಂಪಿಯನ್ ರೀಫ್ ಗಣಿಯ ಆಳವು ಮೂರು ಕಿಲೋಮೀಟರನ್ನು ಮೀರಿತ್ತು. ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಅದೊಂದು. ಮಗುವಿನ ಪ್ರಶ್ನೆಯಲ್ಲಿ ಹೆಮ್ಮೆಯಿತ್ತು. ನಾನು ಲೆಕ್ಕ ಹಾಕಿ ನೋಡಿ, ನಗುತ್ತ, “ಈ ಗೋಳಕ್ಕೆ ಅಂಟಿಸಿದ ಕಾಗದವಿದೆಯಲ್ಲ, ಅದನ್ನೂ ತೂತು ಮಾಡುವುದಿಲ್ಲ” ಎಂದೆನು. ತರಗತಿಯೆಲ್ಲ ನಕ್ಕಿತು. ಅಷ್ಟಕ್ಕೇ ನಿಲ್ಲದೆ, ಮನುಷ್ಯನ ಪ್ರಯತ್ನವೆಲ್ಲ ಸೃಷ್ಟಿಯ ಮುಂದೆ ಎಷ್ಟು ಅಲ್ಪವೆಂಬ ಉಪದೇಶವನ್ನೂ ಸೇರಿಸಿದೆನು. ಗುರುಗ್ರಹವೇ ಗ್ರಹಗಳಲ್ಲೆಲ್ಲ ದೊಡ್ಡದು, ಅದರ ಮುಂದೆ ಭೂಮಿಯೇ ಒಂದು ಕಾಳು, ಇನ್ನು ಗಣಿಯ ಪಾಡೇನು ಎಂದೆನು. “ನಮ್ಮ ಸೌರಮಂಡಲದಲ್ಲಿ” ಎಂಬ ಎರಡು ಪದಗಳನ್ನು ಪುಸ್ತಕವು ಮುದ್ರಿಸಿತ್ತು. ನಾನು ಮಾತಿನ ಭರದಲ್ಲಿ ಬಿಟ್ಟೆನು, ಆಮೇಲೆ ಅಭ್ಯಾಸಬಲದಿಂದ ಎಷ್ಟೋ ವರ್ಷ ಬಿಟ್ಟೇ ಹೇಳಿದೆನು.

ಗಣಿಯು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಊರಿನ ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿಗೆ ಹಿಂದಿರುಗುವವರಾದರು. ಈಚೆಗೆ ಬಂಗಾರಪೇಟೆಯ ರೈಲುನಿಲ್ದಾಣದಲ್ಲಿ ಅಂತಹವನೊಬ್ಬನು ಬಂದು ಕಾಲಿಗೆ ನಮಸ್ಕರಿಸಿದನು. ಅವನೇ ಆ ಹುಡುಗ, ತಲೆ ನರೆತಿದೆ. ಕುಶಲಪ್ರಶ್ನೆಯಾದ ಮೇಲೆ, “ಸಾರ್, ಮಗಳೊಡನೆ ನಿಮಗಾಗಿ ಜಗಳವಾಡಿದೆ. ಗುರುವಿಗಿಂತ ದೊಡ್ಡ ಗ್ರಹವಿದೆ ಅಂತ ಅವಳು; ಇಲ್ಲ, ನಮ್ಮ ಮೇಷ್ಟ್ರು ಹೇಳಿದ್ದಾರೆ ಅಂತ ನಾನು” ಎಂದು ನಕ್ಕನು. ಮಗಳೇ ಸರಿ ಎಂದೆನು. ಅವನು ಸ್ವಲ್ಪ ಸುಮ್ಮನಿದ್ದು, ಆ ಗೋಳದ ಮಾತನ್ನು ಎತ್ತಿದನು. ಅಂದು ರಾತ್ರಿ ಊಟಕ್ಕೆ ಕುಳಿತಾಗ, ಅಪ್ಪನ ಗಣಿಯು ಕಾಗದವನ್ನೂ ತೂತು ಮಾಡುವುದಿಲ್ಲವಂತೆ ಎಂದು ತಾನು ತಂದೆಗೆ ಹೇಳಿದನಂತೆ. “ಅಪ್ಪ ಏನೂ ಅನ್ನಲಿಲ್ಲ ಸಾರ್. ತಟ್ಟೆಯಲ್ಲೇ ಕೈ ತೊಳೆದು ಎದ್ದರು” ಎಂದನು. ಅವನ ಮಾತಿನಲ್ಲಿ ಕೋಪವಿರಲಿಲ್ಲ. ತಂದೆ ಈಗಿಲ್ಲವೆಂದೂ ಹೇಳಿದನು. ರೈಲು ಬಂದಿತು, ಅವನು ಹತ್ತಿದನು.

ನಾನು ಹೇಳಿದ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಮೂರು ಕಿಲೋಮೀಟರ್ ಆಳವು ಒಂದು ಅಡಿಯ ಗೋಳದಲ್ಲಿ ತಲೆಗೂದಲಿನ ದಪ್ಪಕ್ಕೆ ಸಮ. ಲೆಕ್ಕ ಸರಿ; ತಪ್ಪಿದ್ದು ಅದನ್ನು ಬಳಸಿದ ರೀತಿ. ಪರಿಮಾಣವನ್ನು ಅಳೆಯುವ ಕೋಲಿನಿಂದ ಬೆಲೆಯನ್ನು ಅಳೆದೆನು. ಪರಿಮಾಣ ಬೇರೆ, ಗುರುತ್ವ ಬೇರೆ ಎಂದು ವೈಶೇಷಿಕರು ವಿಂಗಡಿಸಿದಂತೆ, ಇವೆರಡಕ್ಕಿಂತಲೂ ಬೆಲೆಯು ಬೇರೆ ಎಂಬ ವಿವೇಕವು ಉಪಾಧ್ಯಾಯನಿಗೆ ಇರಬೇಕಾಗಿತ್ತು. ಬಂಡೆಯ ಉಷ್ಣ ೬೦ ಡಿಗ್ರಿಯನ್ನು ಮೀರುವ ಆಳದಲ್ಲಿ, ಬಂಡೆ ಯಾವಾಗ ಸಿಡಿಯುವುದೋ ಎಂಬ ಭಯದಲ್ಲಿ ದುಡಿದು ಬಂದವನ ಮುಂದೆ, ಸೃಷ್ಟಿಯ ವಿಸ್ತಾರವನ್ನು ಹೇಳಿ ಅವನ ದುಡಿಮೆಯನ್ನು ಅಲ್ಪಗೊಳಿಸುವುದು ವೈರಾಗ್ಯಬೋಧೆಯಲ್ಲ. ಕುರ್ಚಿಯ ಮೇಲೆ ಕುಳಿತವನ ಅಹಂಕಾರವದು.

ಸತ್ಯವನ್ನೇ ಹೇಳಬೇಕೆಂದಿದ್ದರೆ ಹೇಳಲು ಬೇರೆ ಸತ್ಯವಿತ್ತು. ೧೯೬೫ರಲ್ಲಿ ಅದೇ ಗಣಿಯೊಳಗೆ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳವರೂ ಕೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮಕಣಗಳ ಗುರುತನ್ನು ಹಿಡಿದರು. ಲೋಕದಲ್ಲಿ ಆ ಕಾರ್ಯವು ಮೊದಲು ಸಿದ್ಧಿಸಿದ ಸ್ಥಳಗಳಲ್ಲಿ ನಮ್ಮದೊಂದು. ಮೇಲಿನಿಂದ ಎಡೆಬಿಡದೆ ಸುರಿಯುವ ಇತರ ಕಿರಣಗಳನ್ನೆಲ್ಲ ತಡೆದು, ಆ ಕಣವನ್ನು ಮಾತ್ರ ಬಿಡುವಷ್ಟು ದಪ್ಪನಾದ ಬಂಡೆಯ ಮಾಡು ಬೇಕಾಗಿತ್ತು. ಗೋಳದ ಮೇಲಿನ ಕಾಗದವನ್ನೂ ತೂತು ಮಾಡದೆಂದು ನಾನು ನಕ್ಕ ಆ ಆಳವೇ ಅದಕ್ಕೆ ಸಾಕಾಯಿತು. ಆ ಆಳವನ್ನು ತೋಡಿದವರು ಆ ಬಾಲಕನ ತಂದೆಯಂತಹವರು, ಅವರ ತಂದೆಯಂತಹವರು. “ನಿಮ್ಮಪ್ಪ ಇಳಿಯುವ ಜಾಗ ಗೋಳದಲ್ಲಿ ಕೂದಲಿನಷ್ಟು, ಆದರೆ ಆಕಾಶದ ಒಂದು ಗುಟ್ಟು ಅಲ್ಲಿ ಸಿಕ್ಕಿತು” ಎಂದು ಹೇಳಿದ್ದರೆ ಎರಡೂ ಸತ್ಯವಾಗುತ್ತಿದ್ದವು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟೆನು, ಎದ್ದುಹೋದೆನು.

ಹಾಗಾದರೆ ಮಕ್ಕಳಿಗೆ ಮಹತ್ತಾದ ಅಳತೆಗಳನ್ನು ಹೇಳಲೇಬಾರದೇ ಎಂದರೆ, ಹೇಳಲೇಬೇಕು. ತನ್ನ ಕೇರಿಗಿಂತ ದೊಡ್ಡದು ಏನೂ ಇಲ್ಲವೆಂದು ತಿಳಿದು ಬೆಳೆಯುವ ಮಗುವಿನ ಬುದ್ಧಿಗೆ ಗಾಳಿಯಾಡುವುದಿಲ್ಲ. ಬಟಾಣಿಯನ್ನೂ ಚಿಪ್ಪನ್ನೂ ಧಾರಾಳವಾಗಿ ಬಳಸೋಣ. ಆದರೆ ಹೋಲಿಕೆ ಎಲ್ಲಿಯವರೆಗೆ ಎಂಬುದನ್ನು ಹೇಳೋಣ, ಅಳತೆ ಹೇಗೆ ತಿಳಿಯಿತೆಂಬುದನ್ನು ಹೇಳೋಣ, ಅಳೆಯದಿದ್ದರೆ ಅಳೆದಿಲ್ಲವೆನ್ನೋಣ. ಗಾತ್ರದ ಮಾತನ್ನು ಯಾರ ಬಾಳಿನ ಬೆಲೆಗೂ ತಾಕಿಸದಿರೋಣ. ಎಲ್ಲಕ್ಕಿಂತ ಮಿಗಿಲಾಗಿ, ಹೇಳಿದವರು ಹೇಳಿದ ಕಡೆಗೆ ಹಿಂದಿರುಗಿ ಬರೋಣ. ಮಕ್ಕಳು ಕೈಗೆ ಸಿಕ್ಕುವ ಕಾಲ ಸ್ವಲ್ಪ. ಸಾಲವನ್ನು ಆ ಅವಧಿಯಲ್ಲಿಯೇ ತೀರಿಸಬೇಕು.

ರಜ ಮುಗಿಯುವ ಮುನ್ನ ಮಕ್ಕಳನ್ನು ಕೂಡಿಸಿಕೊಂಡು, ಸಾವಿರದ ಮುನ್ನೂರರ ಮಾತನ್ನು ಎಲ್ಲರೆದುರಿಗೆ ತಿದ್ದಿ ಹೇಳಿದೆನು. ಮೊಮ್ಮಗಳು ಜಗಲಿಯ ಮೇಲೆ ಗುರುವಿಗೆಂದು ಆ ಚಿಪ್ಪನ್ನೂ, ಉಬ್ಬಿದ ಗ್ರಹಕ್ಕೆಂದು ಅದಕ್ಕಿಂತ ದೊಡ್ಡ ಚಿಪ್ಪೊಂದನ್ನೂ ಜೋಡಿಸಿ, “ಸಂತಮಸಕ್ಕೆ ಯಾವ ಚಿಪ್ಪು?” ಎಂದು ಕೇಳಿದಳು. ಗೊತ್ತಿಲ್ಲವಮ್ಮ, ಇನ್ನೂ ಯಾರೂ ಅಳೆದಿಲ್ಲ ಎಂದೆನು. ಅವಳು ಅದಕ್ಕೆ ಚಿಪ್ಪನ್ನು ಇಡದೆ, ಸೀಮೆಸುಣ್ಣದಿಂದ ಹೆಸರನ್ನು ಮಾತ್ರ ಬರೆದು ಜಾಗವನ್ನು ಬಿಟ್ಟಳು.

ಆ ಶಿಷ್ಯನಿಗೆ ಕಾಗದ ಬರೆದಿದ್ದೇನೆ. ಗುರುವಿನ ವಿಷಯದಲ್ಲಿ ಮಗಳ ಮಾತೇ ಸರಿಯೆಂದು ಬರೆದೆನು. ೧೯೬೫ರ ಪ್ರಯೋಗದ ವಿಷಯವನ್ನೂ ಬಿಭಾ ಎಂಬ ಹೆಸರಿನ ವಿಷಯವನ್ನೂ ವಿವರವಾಗಿ ಬರೆದೆನು. ಮಗಳಿಗೆ ಓದಿ ಹೇಳುವನು. ಆದರೆ ಆ ಮಾತನ್ನು ಅಂದು ರಾತ್ರಿಯೇ ಕೇಳಬೇಕಾಗಿದ್ದವರು ಈಗಿಲ್ಲ. ಅಷ್ಟು ಸಾಲ ನನ್ನ ಹೆಸರಿನಲ್ಲಿ ಉಳಿದೇ ಇದೆ.